ಎರಡು ಗ್ರಾಂ ಹಾಕಿದರೆ ಎರಡೂವರೆ ಗ್ರಾಂ ಬರುವುದು ಹೇಗೆ?

ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯ ಹೊಸದಾಗಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಹೈಸ್ಕೂಲು ಮುಗಿಸಿದ ಎಲ್ಲರೂ ಒಮ್ಮೆಯಾದರೂ ಪರೀಕ್ಷೆಯಲ್ಲಿ ಬರೆದಿರುವ ವಾಕ್ಯ ಇದು. ಫ್ರಾನ್ಸಿನ ಆಂಟನಿ ಲವಾಸಿಯೆ 1789ರಲ್ಲೇ ಇದನ್ನು ತನ್ನ ಗ್ರಂಥದಲ್ಲಿ ಖಚಿತವಾಗಿ ಹೇಳಿದ್ದ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆಸ್ಪಿರಿನ್ ತಯಾರಿಕೆಯನ್ನು ನೋಡೋಣ.

ಪದವಿ ತರಗತಿಯ ಪ್ರಯೋಗಾಲಯಗಳಲ್ಲಿ ಇದು ಬಹಳ ಹಳೆಯ ಪ್ರಯೋಗ. ಫ್ಲಾಸ್ಕಿಗೆ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲದ ಬಿಳಿ ಪುಡಿ ಹಾಕುತ್ತಾರೆ. ಅದರ ಮೇಲೆ 5 ಮಿಲಿಲೀಟರ್ ಅಸಿಟಿಕ್ ಅನ್‌ಹೈಡ್ರೈಡ್ ಎಂಬ ಘಾಟು ದ್ರವ ಸುರಿದು, ಕ್ರಿಯೆ ಬೇಗ ನಡೆಯಲೆಂದು ಕೆಲವು ಹನಿ ಗಂಧಕಾಮ್ಲ ಬಿಟ್ಟು, ಫ್ಲಾಸ್ಕನ್ನು ಬಿಸಿನೀರಿನಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ತಣಿಸಿ ನೀರು ಸೇರಿಸಿದರೆ ಬಿಳಿ ಹರಳುಗಳು ಮೂಡುತ್ತವೆ. ಸೋಸಿ, ಒಣಗಿಸಿ, ತೂಗುತ್ತಾರೆ. ಆದರೆ ತೂಗುವ ಮೊದಲೇ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಒಂದು ಕಣವೂ ನಷ್ಟವಾಗದೆ ಎಲ್ಲವೂ ಸರಿಯಾಗಿ ನಡೆದರೆ ಎಷ್ಟು ಆಸ್ಪಿರಿನ್ ಸಿಗಬೇಕು?

ಹಾಕಿದ್ದು 2 ಗ್ರಾಂ, ಆದ್ದರಿಂದ ಸಿಗುವುದೂ 2 ಗ್ರಾಂ ಎಂದು ಕೆಲವರಿಗೆ ಅನಿಸುತ್ತದೆ. ಆ ದ್ರವವನ್ನೂ ಹಾಕಿದ್ದೇವಲ್ಲ, ಅದರ ತೂಕ 5.4 ಗ್ರಾಂ ಸೇರಿಸಿದರೆ 7.4 ಆಗಬೇಕು ಎಂದು ಇನ್ನು ಕೆಲವರಿಗೆ. ಎರಡೂ ಅಲ್ಲ. ಸರಿಯುತ್ತರ 2.6 ಗ್ರಾಂ. ಲವಾಸಿಯೆಯ ನಿಯಮವನ್ನು ಎಷ್ಟೇ ಸಲ ಓದಿಕೊಂಡರೂ ಈ 2.6 ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಅದು ಒಟ್ಟು ತೂಕ ಉಳಿಯುತ್ತದೆ ಎಂದಷ್ಟೇ ಹೇಳುತ್ತದೆ. ಆ ಒಟ್ಟು ತೂಕದಲ್ಲಿ ನಮಗೆ ಬೇಕಾದ ವಸ್ತುವಿನ ಪಾಲು ಎಷ್ಟೆಂದು ಹೇಳುವುದಿಲ್ಲ.

ಅಣುಗಳ ನಡುವಿನ ಕೊಡುಕೊಳ್ಳುವಿಕೆ

ಫ್ಲಾಸ್ಕಿನ ಒಳಗೆ ನಡೆಯುವುದನ್ನು ಒಂದೇ ಒಂದು ಜೋಡಿ ಅಣುಗಳ ಮಟ್ಟದಲ್ಲಿ ನೋಡೋಣ. ಸ್ಯಾಲಿಸಿಲಿಕ್ ಆಮ್ಲದ ಒಂದು ಅಣುವಿನಲ್ಲಿ 16 ಪರಮಾಣುಗಳಿವೆ. ಅದರ ಒಂದು ಬದಿಯಲ್ಲಿ ಆಕ್ಸಿಜನ್, ಅದರ ತುದಿಯಲ್ಲೊಂದು ಹೈಡ್ರೋಜನ್ ಚಾಚಿಕೊಂಡಿವೆ. ಅಸಿಟಿಕ್ ಅನ್‌ಹೈಡ್ರೈಡ್ ಅಣುವಿನಲ್ಲಿ 13 ಪರಮಾಣುಗಳು. ಅಸಿಟೈಲ್ ಎಂಬ ಒಂದೇ ಬಗೆಯ ಎರಡು ತುಂಡುಗಳು ನಡುವಿನ ಒಂದು ಆಕ್ಸಿಜನ್ನಿಗೆ ಅಂಟಿಕೊಂಡಿರುವ ರಚನೆ ಅದು.

ಇವೆರಡೂ ಸೇರಿದಾಗ ಒಂದು ಅಸಿಟೈಲ್ ತುಂಡು ಸ್ಯಾಲಿಸಿಲಿಕ್ ಆಮ್ಲದ ಆ ಆಕ್ಸಿಜನ್ನಿಗೆ ಹೋಗಿ ಕೂರುತ್ತದೆ. ಅಲ್ಲಿದ್ದ ಹೈಡ್ರೋಜನ್ ಜಾಗ ಬಿಟ್ಟುಕೊಟ್ಟು, ಅನ್‌ಹೈಡ್ರೈಡಿನ ಉಳಿದರ್ಧಕ್ಕೆ ಸೇರಿಕೊಳ್ಳುತ್ತದೆ. ಹಾಗೆ ಹೊಸ ತುಂಡು ಪಡೆದದ್ದೇ 21 ಪರಮಾಣುಗಳ ಆಸ್ಪಿರಿನ್. ಉಳಿದದ್ದು 8 ಪರಮಾಣುಗಳ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. ಮೊದಲು 16ಕ್ಕೆ 13 ಸೇರಿ 29 ಇದ್ದವು, ಕೊನೆಗೆ 21ಕ್ಕೆ 8 ಸೇರಿ 29 ಇವೆ.

ಇನ್ನು ತೂಕ. ಹೈಡ್ರೋಜನ್ ಪರಮಾಣುವನ್ನು 1 ಎಂದು ಹಿಡಿದರೆ ಕಾರ್ಬನ್ ಸುಮಾರು 12, ಆಕ್ಸಿಜನ್ 16 ತೂಗುತ್ತವೆ. ಈ ಅಳತೆಯಲ್ಲಿ ಸ್ಯಾಲಿಸಿಲಿಕ್ ಆಮ್ಲದ ಅಣುತೂಕ 138, ಅನ್‌ಹೈಡ್ರೈಡಿನದು 102, ಆಸ್ಪಿರಿನ್ನಿನದು 180, ಅಸಿಟಿಕ್ ಆಮ್ಲದ್ದು 60. ಎರಡೂ ಕಡೆ ಕೂಡಿಸಿದರೆ 240 ಬರುತ್ತದೆ. ಲವಾಸಿಯೆಗೆ ಇಷ್ಟು ಸಾಕು. ನಮಗೆ ಬೇಕಾದದ್ದು ಇದರೊಳಗಿನ ಇನ್ನೊಂದು ಸಂಗತಿ: 138 ತೂಗುತ್ತಿದ್ದ ಅಣು ಈಗ 180 ತೂಗುತ್ತದೆ. ಆಸ್ಪಿರಿನ್ ಆಗುವ ಪ್ರತಿಯೊಂದು ಸ್ಯಾಲಿಸಿಲಿಕ್ ಅಣುವೂ 42ರಷ್ಟು ಭಾರ ಹೆಚ್ಚಿಸಿಕೊಳ್ಳುತ್ತದೆ. ಆ ಹೆಚ್ಚುವರಿ ಭಾರ ಶೂನ್ಯದಿಂದ ಬಂದದ್ದಲ್ಲ, ಅನ್‌ಹೈಡ್ರೈಡ್ ಕೊಟ್ಟದ್ದು.

ತಕ್ಕಡಿಗೆ ಎಣಿಸಲು ಬರುವುದಿಲ್ಲ

ಅಣುಗಳು ಸೇರುವುದು ಎಣಿಕೆಯ ಲೆಕ್ಕದಲ್ಲಿ, ಒಂದಕ್ಕೆ ಒಂದು. ನಮ್ಮ ತಕ್ಕಡಿಗೆ ಗೊತ್ತಿರುವುದು ಗ್ರಾಂ ಮಾತ್ರ. ಈ ಕಂದಕವನ್ನು ದಾಟುವ ಉಪಾಯ ಒಬ್ಬಟ್ಟು ಮಾಡುವ ಮನೆಗಳಲ್ಲಿ ಎಂದೋ ಬಳಕೆಯಲ್ಲಿದೆ.

ಒಂದು ಒಬ್ಬಟ್ಟಿಗೆ ಕಣಕದ ಉಂಡೆ ಒಂದು, ಹೂರಣದ ಉಂಡೆ ಒಂದು. ಕಣಕದ ಉಂಡೆ 25 ಗ್ರಾಂ, ಹೂರಣದ ಉಂಡೆ 40 ಗ್ರಾಂ ಇದೆಯೆನ್ನಿ. ಯಾರೋ ಅನನುಭವಿಗಳು ಎರಡೂ ಸಮ ಇರಲಿ ಎಂದು ಒಂದು ಕಿಲೋ ಕಣಕ, ಒಂದು ಕಿಲೋ ಹೂರಣ ಸಿದ್ಧ ಮಾಡುತ್ತಾರೆ. ತೂಕವೇನೋ ಸಮ. ಉಂಡೆ ಕಟ್ಟಲು ಕೂತರೆ ಕಣಕ 40 ಉಂಡೆ, ಹೂರಣ 25 ಉಂಡೆ. ಇಪ್ಪತ್ತೈದನೆಯ ಒಬ್ಬಟ್ಟು ಕಾವಲಿ ಮುಟ್ಟುವ ಹೊತ್ತಿಗೆ ಹೂರಣದ ಪಾತ್ರೆ ಖಾಲಿಯಾಗಿರುತ್ತದೆ, 375 ಗ್ರಾಂ ಕಣಕ ಹಾಗೇ ಉಳಿದಿರುತ್ತದೆ. ಒಂದೊಂದು ಒಬ್ಬಟ್ಟು 65 ಗ್ರಾಂ, ಒಟ್ಟು 1,625 ಗ್ರಾಂ ಒಬ್ಬಟ್ಟು. ಆ ದಿನ ಆ ಮನೆಯಲ್ಲಿ ಇದಕ್ಕಿಂತ ಹೆಚ್ಚು ಒಬ್ಬಟ್ಟು ಸಾಧ್ಯವೇ ಇಲ್ಲ. ಕಾವಲಿ ಎಷ್ಟು ಒಳ್ಳೆಯದಿದ್ದರೂ, ಮಾಡುವವರ ಕೈ ಎಷ್ಟು ಪಳಗಿದ್ದರೂ.

ರಸಾಯನಶಾಸ್ತ್ರಜ್ಞರು ಮಾಡುವುದೂ ಇದನ್ನೇ. ತೂಕವನ್ನು ಒಂದು ಉಂಡೆಯ ತೂಕದಿಂದ ಭಾಗಿಸಿ ಎಣಿಕೆಗೆ ಬರುತ್ತಾರೆ. ಯಾವುದು ಕಡಿಮೆ ಎಂದು ನೋಡುತ್ತಾರೆ. ಆ ಎಣಿಕೆಯನ್ನು ಸಿದ್ಧವಸ್ತುವಿನ ಒಂದರ ತೂಕದಿಂದ ಗುಣಿಸಿ ಮತ್ತೆ ತೂಕಕ್ಕೆ ಮರಳುತ್ತಾರೆ. ಹೀಗೆ ಬರುವ ಉತ್ತರವನ್ನು ನಾವು ಲೆಕ್ಕದ ಇಳುವರಿ ಎನ್ನೋಣ. ಪುಸ್ತಕಗಳಲ್ಲಿ ಥಿಯರೆಟಿಕಲ್ ಈಲ್ಡ್ ಎಂದಿರುವುದು ಇದೇ.

ಒಂದು ತೊಡಕಿದೆ. ಅಣು ತೀರಾ ಚಿಕ್ಕದು, ಒಂದೊಂದಾಗಿ ಎಣಿಸಲಾಗದು. ಆದ್ದರಿಂದ ಅದನ್ನು ಮೋಲ್ ಎಂಬ ದೊಡ್ಡ ಕಟ್ಟಿನಲ್ಲಿ ಎಣಿಸುತ್ತಾರೆ. ಒಂದು ಮೋಲ್‌ನಲ್ಲಿ ಸುಮಾರು 602 ಕೋಟಿ ಕೋಟಿ ಕೋಟಿ ಅಣುಗಳಿರುತ್ತವೆ. ಈ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡದ್ದಕ್ಕೆ ಒಳ್ಳೆಯ ಕಾರಣವಿದೆ. ಅಷ್ಟು ಅಣುಗಳನ್ನು ಗುಡ್ಡೆ ಹಾಕಿದರೆ, ಅಣುತೂಕ ಎಷ್ಟಿತ್ತೋ ಅಷ್ಟೇ ಗ್ರಾಂ ತೂಗುತ್ತದೆ. 138 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 102 ಗ್ರಾಂ ಅನ್‌ಹೈಡ್ರೈಡ್, 180 ಗ್ರಾಂ ಆಸ್ಪಿರಿನ್, ಈ ಮೂರರಲ್ಲೂ ಅಣುಗಳ ಎಣಿಕೆ ಒಂದೇ.

ಈಗ ಫ್ಲಾಸ್ಕಿಗೆ ಬರೋಣ. 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲವನ್ನು 138ರಿಂದ ಭಾಗಿಸಿದರೆ 0.0145 ಮೋಲ್, ಅಂದರೆ ಸುಮಾರು 8.7 ಕೋಟಿ ಕೋಟಿ ಕೋಟಿ ಅಣುಗಳು. 5.4 ಗ್ರಾಂ ಅನ್‌ಹೈಡ್ರೈಡನ್ನು 102ರಿಂದ ಭಾಗಿಸಿದರೆ 0.053 ಮೋಲ್, ಸುಮಾರು 32 ಕೋಟಿ ಕೋಟಿ ಕೋಟಿ. ಮೊದಲು ಮುಗಿಯುವುದು ಸ್ಯಾಲಿಸಿಲಿಕ್ ಆಮ್ಲ. ಅದೇ ಇಲ್ಲಿ ಮಿತಿಕಾರಕ, ಲಿಮಿಟಿಂಗ್ ರೀಏಜೆಂಟ್. 0.0145ನ್ನು 180ರಿಂದ ಗುಣಿಸಿ, 2.61 ಗ್ರಾಂ.

ಉಳಿದ ತೂಕ ಎಲ್ಲಿ ಹೋಯಿತೆಂದೂ ಈಗ ಹೇಳಬಹುದು. ಆ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲಕ್ಕೆ ಖರ್ಚಾಗುವ ಅನ್‌ಹೈಡ್ರೈಡ್ 1.48 ಗ್ರಾಂ ಮಾತ್ರ. ಎರಡೂ ಸೇರಿ 3.48 ಗ್ರಾಂ. ಅದರಲ್ಲಿ 2.61 ಆಸ್ಪಿರಿನ್ ಆಯಿತು, 0.87 ಗ್ರಾಂ ಅಸಿಟಿಕ್ ಆಮ್ಲವಾಯಿತು. ಇನ್ನೂ 3.9 ಗ್ರಾಂ ಅನ್‌ಹೈಡ್ರೈಡ್ ಜೊತೆ ಸಿಗದೆ ಸುಮ್ಮನೆ ಉಳಿದಿದೆ.

ಒಂದು ವಸ್ತುವಿಗೆ ಹತ್ತೊಂಬತ್ತು ಸೂತ್ರ

138, 102, 180 ಎಂದು ನಾನು ಸಲೀಸಾಗಿ ಬರೆದುಬಿಟ್ಟೆ. ಈ ಅಂಕಿಗಳು ದಕ್ಕಿದ್ದು ಸಲೀಸಾಗಿ ಅಲ್ಲ. ಜಾನ್ ಡಾಲ್ಟನ್ ನೀರಿನ ಅಣುವಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಇದೆಯೆಂದು ಊಹಿಸಿದ್ದ. ಆ ಊಹೆಯ ಪ್ರಕಾರ ಆಕ್ಸಿಜನ್ನಿನ ತೂಕ 16 ಅಲ್ಲ, 8. ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲಿ ಇದನ್ನು ಸರಿಪಡಿಸುವ ದಾರಿ ತೋರಿಸಿದ. ಒಂದೇ ಒತ್ತಡ, ಒಂದೇ ಉಷ್ಣಾಂಶದಲ್ಲಿ ಸಮ ಗಾತ್ರದ ಯಾವುದೇ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಎಂದ. ಹಾಗಿದ್ದರೆ ಅನಿಲಗಳನ್ನು ತೂಗಿಯೇ ಒಂದೊಂದು ಅಣುವಿನ ತೂಕವನ್ನು ಹೋಲಿಸಬಹುದು. ಸುಮಾರು ಐವತ್ತು ವರ್ಷ ಈ ಮಾತಿಗೆ ಬೆಲೆ ಸಿಗಲಿಲ್ಲ.

ಆ ಐವತ್ತು ವರ್ಷಗಳ ಗೊಂದಲಕ್ಕೆ ಸಾಕ್ಷಿ ನಮ್ಮ ಅಸಿಟಿಕ್ ಆಮ್ಲವೇ. ಜರ್ಮನಿಯ ಆಗಸ್ಟ್ ಕೆಕುಲೆ 1861ರ ತನ್ನ ಪಠ್ಯಪುಸ್ತಕದಲ್ಲಿ ಆ ಒಂದು ವಸ್ತುವಿಗೆ ಬಳಕೆಯಲ್ಲಿದ್ದ ಹತ್ತೊಂಬತ್ತು ಸೂತ್ರಗಳನ್ನು ಪಟ್ಟಿ ಮಾಡಿ ತೋರಿಸಿದ. ಅಶುದ್ಧ ರೂಪದಲ್ಲಾದರೂ ಮೊದಲ ಸಲ ಆಸ್ಪಿರಿನ್ ತಯಾರಿಸಿದ್ದು ಷಾರ್ಲ್ ಗೆರ್ಹಾರ್ಟ್, 1853ರಲ್ಲಿ. ಅಣುತೂಕಗಳ ಗೋಜಲನ್ನು ಬಿಡಿಸಲು ದುಡಿದವರಲ್ಲಿ ಅವನೂ ಒಬ್ಬ. ಅವೊಗಾಡ್ರೊ ಮತ್ತು ಗೆರ್ಹಾರ್ಟ್ ಇಬ್ಬರೂ 1856ರಲ್ಲಿ ತೀರಿಕೊಂಡರು. ಅದಾಗಿ ನಾಲ್ಕು ವರ್ಷಕ್ಕೆ, 1860ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ಸಮ್ಮೇಳನದಲ್ಲಿ ಸ್ಟಾನಿಸ್ಲಾವೊ ಕನ್ನಿಝಾರೊ ಅವೊಗಾಡ್ರೊನ ವಿಚಾರವನ್ನು ಎತ್ತಿ ಹಿಡಿದ. ಅವನ ಕಿರುಹೊತ್ತಗೆಯನ್ನು ಅಲ್ಲಿ ಬಂದವರಿಗೆ ಹಂಚಲಾಯಿತು. ಕ್ರಮೇಣ ಎಲ್ಲರೂ ಒಂದೇ ತೂಕದ ಪಟ್ಟಿಗೆ ಬಂದರು. ಇಂದು ಪದವಿ ವಿದ್ಯಾರ್ಥಿ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷಕ್ಕೆ ಮಾಡುವ ಭಾಗಾಕಾರದ ಹಿಂದೆ ಇಷ್ಟು ಜನರ ದುಡಿಮೆಯಿದೆ. ನಮ್ಮ ಪಠ್ಯಗಳು ಇದನ್ನು ಒಂದು ಸಾಲಿನಲ್ಲೂ ಹೇಳದೆ ಅಣುತೂಕವನ್ನು ಕೋಷ್ಟಕದಿಂದ ತೆಗೆದುಕೊಳ್ಳಿ ಎನ್ನುವುದು ನನಗೆ ಬೇಸರದ ವಿಷಯ.

ಬೇಕಾದ್ದಕ್ಕಿಂತ ಹೆಚ್ಚು ಸುರಿಯುವುದೇಕೆ?

1.48 ಗ್ರಾಂ ಸಾಕಾಗಿದ್ದಲ್ಲಿ 5.4 ಗ್ರಾಂ ಅನ್‌ಹೈಡ್ರೈಡ್ ಸುರಿದದ್ದು ದುಂದು ಎನಿಸಬಹುದು. ಇದರಲ್ಲಿ ಯೋಚನೆಯಿದೆ. ಪುಡಿ ಕರಗಲು ದ್ರವ ಬೇಕು, ಆ ಕೆಲಸವನ್ನು ಅನ್‌ಹೈಡ್ರೈಡೇ ಮಾಡುತ್ತದೆ. ಇನ್ನೂ ಮುಖ್ಯವಾದ ಕಾರಣ ಕೊನೆಯ ಶುದ್ಧೀಕರಣದಲ್ಲಿದೆ. ಸ್ಯಾಲಿಸಿಲಿಕ್ ಆಮ್ಲ ಉಳಿದರೆ ಅದೂ ಬಿಳಿ ಹರಳು, ಆಸ್ಪಿರಿನ್ನಿನ ಜೊತೆಗೇ ಕೂತು ಬೆರಕೆಯಾಗುತ್ತದೆ. ಅನ್‌ಹೈಡ್ರೈಡ್ ಉಳಿದರೆ ನೀರು ಹಾಕಿದೊಡನೆ ಅಸಿಟಿಕ್ ಆಮ್ಲವಾಗಿ ನೀರಿನಲ್ಲೇ ಕರಗಿ ಸೋಸಿ ಹೋಗುತ್ತದೆ. ಯಾವುದು ಉಳಿದರೆ ತೆಗೆದುಹಾಕುವುದು ಸುಲಭವೋ ಅದನ್ನು ಹೆಚ್ಚಿಗೆ ಹಾಕಬೇಕು. ಮಿತಿಕಾರಕ ಯಾವುದಾಗಬೇಕು ಎಂಬುದು ಹೀಗೆ ಪ್ರಯೋಗ ಮಾಡುವವರು ಮೊದಲೇ ತೆಗೆದುಕೊಳ್ಳುವ ನಿರ್ಧಾರ.

ಅನ್‌ಹೈಡ್ರೈಡಿನ ಬದಲು ಅಗ್ಗದ ಅಸಿಟಿಕ್ ಆಮ್ಲವನ್ನೇ ಹಾಕಬಾರದೇ? ಕಾಗದದ ಮೇಲೆ ಅದೂ ಸರಿಹೊಂದುತ್ತದೆ. ಅಸಿಟೈಲ್ ತುಂಡು ಅದರಲ್ಲೂ ಇದೆ, ಹೊರಬೀಳುವುದು ನೀರು. ಲೆಕ್ಕದ ಇಳುವರಿ ಆಗಲೂ ಅದೇ 2.61 ಗ್ರಾಂ. ಆದರೆ ಫ್ಲಾಸ್ಕು ಆ ಲೆಕ್ಕಕ್ಕೆ ಒಪ್ಪುವುದಿಲ್ಲ. ಹುಟ್ಟಿದ ನೀರು ಆಸ್ಪಿರಿನ್ನನ್ನು ಮತ್ತೆ ಒಡೆಯುತ್ತದೆ. ಕ್ರಿಯೆ ಮುಂದಕ್ಕೂ ಹಿಂದಕ್ಕೂ ನಡೆಯುತ್ತ ಒಂದು ಹಂತದಲ್ಲಿ ಎರಡೂ ವೇಗ ಸಮವಾಗಿ ನಿಂತುಬಿಡುತ್ತದೆ. ಮಾರ್ಸೆಲಿನ್ ಬರ್ತೆಲೊ ಮತ್ತು ಪೆಯಾನ್ ದ ಸೇಂಟ್-ಝಿಲ್ ಎಂಬ ಫ್ರೆಂಚರು 1860ರ ದಶಕದ ಆರಂಭದಲ್ಲಿ ಇದನ್ನು ಅಳೆದು ನೋಡಿದರು. ಅಸಿಟಿಕ್ ಆಮ್ಲ ಮತ್ತು ಆಲ್ಕೋಹಾಲನ್ನು ಅಣುವಿಗೆ ಅಣು ಸಮವಾಗಿ ಬೆರೆಸಿದರೆ ಎಷ್ಟು ಕಾಲ ಕಾದರೂ ಮೂರರಲ್ಲಿ ಎರಡು ಪಾಲು ಮಾತ್ರ ಬದಲಾಗುತ್ತದೆ. ಸ್ಯಾಲಿಸಿಲಿಕ್ ಆಮ್ಲದ ಆ ಆಕ್ಸಿಜನ್ನಿನ ಜೊತೆ ಸ್ಥಿತಿ ಇನ್ನೂ ಕಷ್ಟ. ಅನ್‌ಹೈಡ್ರೈಡ್ ಬಳಸಿದರೆ ನೀರು ಹುಟ್ಟುವುದೇ ಇಲ್ಲ, ಕ್ರಿಯೆ ಬಹುತೇಕ ಕೊನೆಯವರೆಗೆ ಓಡುತ್ತದೆ.

ಲೆಕ್ಕದ ಇಳುವರಿಯ ಗುಣವೂ ಮಿತಿಯೂ ಇಲ್ಲಿಯೇ ಕಾಣುತ್ತದೆ. ಕ್ರಿಯೆ ನಡೆಯುತ್ತದೆಯೇ, ಎಷ್ಟು ಹೊತ್ತಿಗೆ, ಅರ್ಧದಲ್ಲಿ ನಿಲ್ಲುತ್ತದೆಯೇ ಎಂಬ ಯಾವ ಪ್ರಶ್ನೆಗೂ ಅದು ಉತ್ತರಿಸುವುದಿಲ್ಲ. ದಾಟಲಾಗದ ಗೆರೆ ಎಲ್ಲಿದೆ ಎಂದಷ್ಟೇ ತೋರಿಸುತ್ತದೆ.

ಕಾಣೆಯಾದ ಅರ್ಧ ಗ್ರಾಂ

ಒಣಗಿದ ಹರಳು 2.1 ಗ್ರಾಂ ತೂಗಿತೆನ್ನಿ. 2.1ನ್ನು 2.61ರಿಂದ ಭಾಗಿಸಿದರೆ ಶೇಕಡಾ 80. ಇದು ಕೈಗೆ ಬಂದ ಇಳುವರಿ, ಮತ್ತು ಒಳ್ಳೆಯ ಇಳುವರಿಯೇ. ಉಳಿದ ಅರ್ಧ ಗ್ರಾಂ ಎಲ್ಲಿದೆ?

ಒಂದು ಪಾಲು ಸಿಂಕಿಗೆ ಹೋಗಿದೆ. ಆಸ್ಪಿರಿನ್ ನೀರಿನಲ್ಲಿ ಕರಗುವುದು ಕಡಿಮೆ, ಆದರೂ ಕೋಣೆಯ ಉಷ್ಣಾಂಶದಲ್ಲಿ ಒಂದು ಲೀಟರ್ ನೀರು ಸುಮಾರು 3 ಗ್ರಾಂ ಹಿಡಿದುಕೊಳ್ಳುತ್ತದೆ. 50 ಮಿಲಿ ನೀರಿಗೆ 0.15 ಗ್ರಾಂ, ಅಂದರೆ ನಮ್ಮ 2.61ರಲ್ಲಿ ಶೇಕಡಾ ಆರರಷ್ಟು ಅಲ್ಲಿಯೇ ಹೋಯಿತು. ಹರಳನ್ನು ಮಂಜುಗಡ್ಡೆಯಷ್ಟು ತಣ್ಣಗಿನ ಸ್ವಲ್ಪವೇ ನೀರಿನಲ್ಲಿ ತೊಳೆಯಿರಿ ಎಂದು ಹೇಳುವುದು ಇದಕ್ಕಾಗಿ. ಇನ್ನೊಂದು ಪಾಲು ಸಾಕಷ್ಟು ಬಿಸಿಯಾಗದೆ ಸ್ಯಾಲಿಸಿಲಿಕ್ ಆಮ್ಲವಾಗಿಯೇ ಉಳಿದಿರಬಹುದು. ಕೆಲವು ಸ್ಯಾಲಿಸಿಲಿಕ್ ಅಣುಗಳು ಅನ್‌ಹೈಡ್ರೈಡಿನ ಬದಲು ತಮ್ಮ ತಮ್ಮಲ್ಲೇ ಕೊಂಡಿ ಹಾಕಿಕೊಂಡು ಅಂಟಿನಂಥ ಬೇರೆ ವಸ್ತುವಾಗಿರಬಹುದು. ಸಾವಯವ ರಸಾಯನದಲ್ಲಿ ಇಂಥ ಅಡ್ಡಕ್ರಿಯೆಗಳು ಯಾವಾಗಲೂ ಇರುತ್ತವೆ, ಏಕೆಂದರೆ ಒಂದೇ ಅಣುವಿನಲ್ಲಿ ಕ್ರಿಯೆಗೆ ಒದಗುವ ಜಾಗಗಳು ಹಲವು. ಮಿಕ್ಕಿದ್ದು ಗಾಜಿಗೆ, ಸೋಸುಕಾಗದಕ್ಕೆ ಅಂಟಿಕೊಂಡಿದೆ.

ಲೆಕ್ಕದ ಇಳುವರಿ ಗೊತ್ತಿಲ್ಲದಿದ್ದರೆ ಈ ಯಾವ ಹುಡುಕಾಟವೂ ಶುರುವಾಗುತ್ತಿರಲಿಲ್ಲ. 2 ಗ್ರಾಂ ಹಾಕಿ 2.1 ಗ್ರಾಂ ಪಡೆದವರು ಲಾಭವಾಯಿತೆಂದು ಸಂತೋಷಪಡುತ್ತಿದ್ದರು.

ನೂರು ದಾಟಿದಾಗ

ಕೆಲವು ಸಲ ವಿದ್ಯಾರ್ಥಿಯ ಪುಸ್ತಕದಲ್ಲಿ 2.9 ಗ್ರಾಂ, ಶೇಕಡಾ 111 ಎಂದಿರುತ್ತದೆ. ಗೆರೆಯನ್ನು ದಾಟುವುದು ಆಗದ ಮಾತು, ಆದ್ದರಿಂದ ತೂಗಿದ್ದು ಬರೀ ಆಸ್ಪಿರಿನ್ ಅಲ್ಲ. ಬಹುಮಟ್ಟಿಗೆ ಅದು ನೀರು. ಮತ್ತೆ ಮತ್ತೆ ಒಣಗಿಸಿ ತೂಗಬೇಕು, ತೂಕ ಇಳಿಯುವುದು ನಿಂತಾಗ ಒಣಗಿತೆಂದು ಅರ್ಥ. ಒಣಗಿದ ಮೇಲೂ ಬೆರಕೆ ಇರಬಹುದು. ಒಂದು ಹರಳನ್ನು ಕರಗಿಸಿ ಫೆರಿಕ್ ಕ್ಲೋರೈಡ್ ಹನಿ ಹಾಕಿದರೆ, ಸ್ಯಾಲಿಸಿಲಿಕ್ ಆಮ್ಲ ಉಳಿದಿದ್ದಲ್ಲಿ ನೇರಳೆ ಬಣ್ಣ ಬರುತ್ತದೆ. ಶುದ್ಧ ಆಸ್ಪಿರಿನ್ ಈ ಬಣ್ಣ ಕೊಡುವುದಿಲ್ಲ, ಏಕೆಂದರೆ ಬಣ್ಣಕ್ಕೆ ಕಾರಣವಾದ ಆ ಆಕ್ಸಿಜನ್-ಹೈಡ್ರೋಜನ್ ತುದಿ ಈಗ ಅಸಿಟೈಲಿನಿಂದ ಮುಚ್ಚಿಹೋಗಿದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಇಳುವರಿಯ ಅಂಕಿ ನೋಡಿಯೇ ಅಂಕ ಕೊಡುವ ರೂಢಿ ಹಲವು ಕಡೆ ಇದೆ. ಅದು ತಪ್ಪೆಂದು ನನ್ನ ದೃಢ ಅಭಿಪ್ರಾಯ. ನೇರಳೆಗೆ ತಿರುಗದ, ಒಣಗಿದ ಶೇಕಡಾ 65 ತಂದವರು ಹಸಿ ಹರಳಿನ ಶೇಕಡಾ 98 ತಂದವರಿಗಿಂತ ಹೆಚ್ಚು ರಸಾಯನಶಾಸ್ತ್ರ ಕಲಿತಿದ್ದಾರೆ.

ಹಂತ ಹೆಚ್ಚಿದಷ್ಟೂ

ಆಸ್ಪಿರಿನ್ ಒಂದೇ ಹಂತದ ಕೆಲಸ. ಔಷಧಗಳಲ್ಲಿ ಬಹಳಷ್ಟಕ್ಕೆ ಹತ್ತಾರು ಹಂತಗಳು ಬೇಕು. ಪ್ರತಿ ಹಂತದಲ್ಲೂ ಶೇಕಡಾ 90 ಇಳುವರಿ ಬಂದರೆ ಯಾರಾದರೂ ಖುಷಿಪಡುತ್ತಾರೆ. ಆದರೆ ಹಾಗೆ ಹತ್ತು ಹಂತ ದಾಟಿದರೆ ಉಳಿಯುವುದು ಶೇಕಡಾ 35 ಮಾತ್ರ. ಇದಕ್ಕೆ ಹೆಸರಾಂತ ಉದಾಹರಣೆ ಟ್ರೋಪಿನೋನ್. ಅಟ್ರೋಪಿನ್ ಔಷಧದ ಹತ್ತಿರದ ನೆಂಟ ಅದು. 1901ರಲ್ಲಿ ರಿಚರ್ಡ್ ವಿಲ್ಸ್ಟೆಟರ್ ಅದನ್ನು ಉದ್ದದ ಹಾದಿಯಲ್ಲಿ ತಯಾರಿಸಿದಾಗ ಒಟ್ಟು ಇಳುವರಿ ಶೇಕಡಾ 0.75. 1917ರಲ್ಲಿ ರಾಬರ್ಟ್ ರಾಬಿನ್ಸನ್ ಮೂರು ಸರಳ ವಸ್ತುಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ಶೇಕಡಾ 17 ಪಡೆದ. ಮುಂದೆ ಅದೇ ವಿಧಾನವನ್ನು ತಿದ್ದಿ ಶೇಕಡಾ 90ಕ್ಕೂ ಮೇಲೆ ಒಯ್ದರು.

ಇಳುವರಿ ನೂರಕ್ಕೆ ನೂರಾದರೂ ತಪ್ಪದ ಇನ್ನೊಂದು ನಷ್ಟವಿದೆ. ಆಸ್ಪಿರಿನ್ನಿಗೆ ಖರ್ಚಾದ 240ರಲ್ಲಿ ಔಷಧವಾಗುವುದು 180, ಕಾಲು ಪಾಲು ಅಸಿಟಿಕ್ ಆಮ್ಲವಾಗಿ ಹೋಗುತ್ತದೆ. ಇದನ್ನೂ ಲೆಕ್ಕ ಹಿಡಿಯಬೇಕೆಂದು 1991ರಲ್ಲಿ ಅಮೆರಿಕದ ಬ್ಯಾರಿ ಟ್ರಾಸ್ಟ್ ವಾದಿಸಿದ. ಅವನು ಸೂಚಿಸಿದ ಅಳತೆಗೆ ಪರಮಾಣು ಮಿತವ್ಯಯ, ಆಟಂ ಎಕಾನಮಿ ಎಂದು ಹೆಸರು. ಮರುವರ್ಷವೇ ಟೆಕ್ಸಾಸಿನ ಬಿಷಪ್ ಎಂಬಲ್ಲಿ ಐಬುಪ್ರೊಫೆನ್ ನೋವುಮಾತ್ರೆಯ ಹೊಸ ಕಾರ್ಖಾನೆ ಶುರುವಾಯಿತು. ಹಳೆಯ ಆರು ಹಂತಗಳ ವಿಧಾನದಲ್ಲಿ ಹಾಕಿದ ವಸ್ತುವಿನ ಶೇಕಡಾ 40ರಷ್ಟು ಮಾತ್ರ ಔಷಧಕ್ಕೆ ಸೇರುತ್ತಿತ್ತು. ಹೊಸ ಮೂರು ಹಂತಗಳ ವಿಧಾನದಲ್ಲಿ ಅದು 77ಕ್ಕೆ ಏರಿತು. ಇಲ್ಲಿಯೂ ಮೊದಲ ಹಂತದಲ್ಲಿ ಅಸಿಟೈಲ್ ಕೊಡುವುದು ಅಸಿಟಿಕ್ ಅನ್‌ಹೈಡ್ರೈಡೇ, ಹೊರಬೀಳುವುದು ಅಸಿಟಿಕ್ ಆಮ್ಲವೇ. ಆ ಆಮ್ಲವನ್ನು ಚೆಲ್ಲದೆ ಹಿಡಿದು ಬಳಕೆಗೆ ತಂದರೆ ಲೆಕ್ಕ 99ರ ಹತ್ತಿರಕ್ಕೆ ಬರುತ್ತದೆ.